ಕೋರ್ಟ್ ಕೊಡದ ತಾರೀಖುಗಳು

ಇ-ಕೋರ್ಟ್ಸ್ ಆ್ಯಪ್ ಬಂದ ಮೇಲೆ ಮುಂದಿನ ತಾರೀಖು ಹುಡುಕುವುದು ತುಂಬಾ ಸುಲಭವಾಗಿದೆ. ಪ್ರತಿ ಕೇಸಿಗೂ ಇರುವ 16 ಅಕ್ಷರಗಳ ಗುರುತು, ಅಂದರೆ ಸಿಎನ್‌ಆರ್ ನಂಬರ್ ಹಾಕಿದರೆ ನಮ್ಮ ಕಲಬುರಗಿ ಜಿಲ್ಲೆಯ ಆಳಂದದ ಕೇಸಾಗಲಿ, ಸೇಡಂ ಕೇಸಾಗಲಿ, ಯಾವ ಹಂತದಲ್ಲಿದೆ ಎಂದು ಗೊತ್ತಾಗುತ್ತದೆ. ಕಕ್ಷಿದಾರರು ಫೋನ್ ಮಾಡಿ "ಸಾಹೇಬ್ರ, ನಮ್ಮ ತಾರೀಖು ಯಾವಾಗ ಅದರಿ?" ಎಂದರೆ ಕೂತಲ್ಲೇ ಉತ್ತರ ಕೊಡಬಹುದು.

ಆದರೆ ಈ ಅನುಕೂಲವೇ ನಮ್ಮ ವಕೀಲರ ಆಫೀಸುಗಳಲ್ಲಿ ಒಂದು ಸುಳ್ಳು ಧೈರ್ಯ ತಂದಿದೆ. ಆ್ಯಪ್ ತೋರಿಸುವುದು ಕೋರ್ಟ್ ಕೊಟ್ಟ ತಾರೀಖನ್ನು ಮಾತ್ರ. ಕಾನೂನು ಹಾಕಿದ ಗಡುವನ್ನು ಅದು ತೋರಿಸುವುದಿಲ್ಲ. ವಿಚಾರಣೆಗೆ ಒಂದು ದಿನ ಹೋಗಲಾಗದಿದ್ದರೆ ಸಾಮಾನ್ಯವಾಗಿ ಅರ್ಜಿ ಹಾಕಿ ಸರಿಮಾಡಿಕೊಳ್ಳುತ್ತೇವೆ. ಗಡುವು ತಪ್ಪಿದರೆ ಕೆಲವು ಸಲ ಕೇಸೇ ಕೈಬಿಟ್ಟುಹೋಗುತ್ತದೆ. ಕ್ಯಾಲೆಂಡರ್ ಆ್ಯಪನ್ನು ನಾವು ಬಳಸಬೇಕಾದದ್ದು ಮೊದಲು ಈ ಗಡುವುಗಳಿಗಾಗಿ.

ಚೆಕ್ ಬೌನ್ಸ್ ಕೇಸನ್ನೇ ನೋಡೋಣ. ನಮ್ಮ ಕಡೆ ವ್ಯಾಪಾರಿಗಳು ತರುವ ಕೇಸುಗಳಲ್ಲಿ ಇದೇ ಜಾಸ್ತಿ. ಎನ್‌ಐ ಆ್ಯಕ್ಟ್ (ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟ್) ಕಲಂ 138 ಮತ್ತು 142ರಲ್ಲಿ ಒಂದರ ಬೆನ್ನಿಗೆ ಒಂದರಂತೆ ಮೂರು ಗಡುವುಗಳಿವೆ. ಚೆಕ್ ವಾಪಸಾಯಿತು ಎಂಬ ಬ್ಯಾಂಕಿನ ಮೆಮೊ ಮಾರ್ಚ್ 3ರಂದು ಕಕ್ಷಿದಾರರ ಕೈ ಸೇರಿತು ಎಂದುಕೊಳ್ಳಿ. ನೋಟಿಸ್ ಕೊಡಲು 30 ದಿನ, ಅಂದರೆ ಏಪ್ರಿಲ್ 2. ನೋಟಿಸ್ ಮಾರ್ಚ್ 24ಕ್ಕೆ ಎದುರಿನವರಿಗೆ ತಲುಪಿದರೆ ಹಣ ಕೊಡಲು ಅವರಿಗೆ 15 ದಿನ, ಅಂದರೆ ಏಪ್ರಿಲ್ 8. ಆಗಲೂ ಕೊಡದಿದ್ದರೆ ಏಪ್ರಿಲ್ 9ಕ್ಕೆ ದೂರಿನ ಹಕ್ಕು ಹುಟ್ಟುತ್ತದೆ. ಅಲ್ಲಿಂದ ಒಂದು ತಿಂಗಳು, ಮೇ 9ರೊಳಗೆ ದೂರು ದಾಖಲಾಗಬೇಕು. ದೂರು ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದು. ನೋಟಿಸ್ ತಡವಾದರೆ ಆ ದಾರಿಯೂ ಇಲ್ಲ.

ಇಲ್ಲಿ ಗಮನಿಸಿ, ಎರಡನೇ ಮತ್ತು ಮೂರನೇ ಗಡುವು ಮೊದಲ ದಿನ ಗೊತ್ತೇ ಇರುವುದಿಲ್ಲ. ನೋಟಿಸ್ ತಲುಪಿದ ದಿನ ತಿಳಿದ ಮೇಲೆ ಲೆಕ್ಕ ಹಾಕಬೇಕು. ಹಾಗಾಗಿ ನೋಟಿಸ್ ಕಳಿಸಿದ ದಿನವೇ ಕ್ಯಾಲೆಂಡರ್‌ನಲ್ಲಿ "ಅಂಚೆ ಟ್ರ್ಯಾಕಿಂಗ್ ನೋಡು" ಎಂಬ ಕೆಲಸ ಹಾಕಿಡಬೇಕು. ತಲುಪಿದ ತಾರೀಖು ಸಿಕ್ಕ ಕೂಡಲೇ ಆ ಪುಟದ ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿ, ಮುಂದಿನ ಎರಡು ತಾರೀಖು ನಮೂದಿಸಬೇಕು. ಇನ್ನೊಂದು ಮಾತು. ಕಾನೂನು "ಒಂದು ತಿಂಗಳು" ಎಂದಲ್ಲಿ ಗುಮಾಸ್ತರು "30 ದಿನ" ಎಂದು ಬರೆದುಕೊಳ್ಳುವುದುಂಟು. ಎರಡೂ ಒಂದೇ ಅಲ್ಲ. ದಿನಗಳ ಸಂಖ್ಯೆ ಬರೆಯಬೇಡಿ, ಲೆಕ್ಕ ಹಾಕಿದ ತಾರೀಖನ್ನೇ ಬರೆಯಿರಿ. ಲೆಕ್ಕ ಹಾಕಿದವರು ಒಬ್ಬರು, ತಾಳೆ ನೋಡಿದವರು ಇನ್ನೊಬ್ಬರು ಆಗಿರಲಿ.

ಇದಕ್ಕಿಂತ ಜಾಸ್ತಿ ನನಗೆ ಚಿಂತೆ ಹುಟ್ಟಿಸುವುದು ಪಾಲು ದಾವೆಗಳು. ಜೇವರ್ಗಿ, ಚಿತ್ತಾಪುರದ ಹೊಲದ ಕೇಸೊಂದರಲ್ಲಿ ಹತ್ತು ಹದಿನೈದು ಮಂದಿ ಪ್ರತಿವಾದಿಗಳು ಇರುವುದು ಸಾಮಾನ್ಯ. ಅವರಲ್ಲಿ ವಯಸ್ಸಾದವರು ಇದ್ದೇ ಇರುತ್ತಾರೆ. ಒಬ್ಬರು ತೀರಿಕೊಂಡರೆ 90 ದಿನದೊಳಗೆ ಅವರ ವಾರಸುದಾರರನ್ನು ದಾವೆಗೆ ತರಬೇಕು. ಇಲ್ಲದಿದ್ದರೆ ಅವರ ಮಟ್ಟಿಗೆ ದಾವೆ ಬಿದ್ದುಹೋಗುತ್ತದೆ. ಅದನ್ನು ಎತ್ತಿ ನಿಲ್ಲಿಸಲು ಇನ್ನು 60 ದಿನ ಮಾತ್ರ. ಆ ಸಾವಿನ ಸುದ್ದಿ ಆಫೀಸಿಗೆ ಬರುವುದು ಹೇಗೆ? ಯಾರೋ ಫೋನಿನಲ್ಲಿ ಬೇರೆ ಮಾತಿನ ನಡುವೆ ಹೇಳುತ್ತಾರೆ. ವಾಟ್ಸಾಪ್‌ನಲ್ಲಿ ಒಂದು ಫೋಟೊ ಬರುತ್ತದೆ. ಜೂನಿಯರ್ "ಅಯ್ಯೋ ಪಾಪ" ಎನ್ನುತ್ತಾರೆ, ಮುಂದಿನ ಫೋನ್ ಎತ್ತುತ್ತಾರೆ. ಸುದ್ದಿ ಕೇಳಿದವರು ಅದೇ ಹೊತ್ತಿಗೆ ಆಫೀಸಿನ ಮೇಲ್‌ಗೆ ಎರಡು ಸಾಲು ಬರೆಯಬೇಕು: ಕೇಸ್ ನಂಬರ್, ಯಾರು, ಯಾವ ದಿನ ತೀರಿಕೊಂಡರು. ಜಿಮೇಲ್ ಅನ್ನು ಕಂಪ್ಯೂಟರಿನಲ್ಲಿ ತೆರೆದರೆ ಮೇಲಿನ ಮೂರು ಚುಕ್ಕೆ ಒತ್ತಿ ಆ ಮೇಲ್‌ನಿಂದಲೇ ಕ್ಯಾಲೆಂಡರ್ ನಮೂದು ಮಾಡಬಹುದು. ಸುದ್ದಿಯೂ ಗಡುವೂ ಒಂದೇ ಕಡೆ ಉಳಿಯುತ್ತವೆ.

ಉಳಿದ ಗಡುವುಗಳೂ ಹೀಗೇ. ಸಮನ್ಸ್ ತಲುಪಿದ 30 ದಿನದೊಳಗೆ ಕೈಫಿಯತ್ತು, ಅಂದರೆ ಪ್ರತಿವಾದಿಯ ಲಿಖಿತ ಉತ್ತರ, ಕೋರ್ಟ್ ಅವಕಾಶ ಕೊಟ್ಟರೆ 90. ನಮ್ಮನ್ನು ಕೇಳದೆ ಆದೇಶ ಮಾಡಬೇಡಿ ಎಂದು ಮೊದಲೇ ಹಾಕುವ ಕೇವಿಯಟ್‌ನ ಆಯುಸ್ಸು 90 ದಿನ. ಸಿವಿಲ್ ಡಿಕ್ರಿ ಮೇಲಿನ ಅಪೀಲಿಗೆ ಜಿಲ್ಲಾ ಕೋರ್ಟಿಗಾದರೆ 30 ದಿನ, ಹೈಕೋರ್ಟಿಗಾದರೆ 90. ದೃಢೀಕೃತ ನಕಲಿಗೆ ಹಿಡಿದ ದಿನಗಳನ್ನು ಇದರಿಂದ ಬಿಡಬಹುದು. ಆದ್ದರಿಂದ ನಕಲಿಗೆ ಅರ್ಜಿ ಹಾಕಿದ ದಿನ, ನಕಲು ಸಿದ್ಧವಾದ ದಿನ ಎರಡೂ ಕ್ಯಾಲೆಂಡರ್‌ನಲ್ಲಿ ಇರಲಿ.

ವಿಚಾರಣೆಗಳನ್ನೂ ಗಡುವುಗಳನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಬೇಡಿ. ಗೂಗಲ್ ಕ್ಯಾಲೆಂಡರ್‌ನಲ್ಲಿ "ಗಡುವು" ಎಂದು ಬೇರೆಯೇ ಕ್ಯಾಲೆಂಡರ್ ಮಾಡಿ, ಕೆಂಪು ಬಣ್ಣ ಕೊಡಿ. ಪ್ರತಿ ನಮೂದಿಗೆ 15 ದಿನ, 7 ದಿನ, 2 ದಿನ ಮೊದಲು ನೆನಪೋಲೆ ಇಡಿ, ಒಂದಾದರೂ ಮೇಲ್‌ಗೆ ಬರಲಿ. ಸೀನಿಯರ್, ಜೂನಿಯರ್, ಗುಮಾಸ್ತ ಎಲ್ಲರಿಗೂ ಕಾಣಲಿ, ತಿದ್ದುವ ಹಕ್ಕು ಇಬ್ಬರಿಗೆ ಸಾಕು. ವಿಚಾರಣೆಯ ನಮೂದಿನಲ್ಲಿ ಪ್ರಯಾಣದ ಹೊತ್ತನ್ನೂ ಹಾಕಿ. ಬೆಳಿಗ್ಗೆ ಆಳಂದದಲ್ಲಿ ಪಾಟಿ ಸವಾಲು, ಮಧ್ಯಾಹ್ನ ಇಲ್ಲಿ ಕಲಬುರಗಿಯಲ್ಲಿ ಹೈಕೋರ್ಟ್ ಪೀಠದ ಮುಂದೆ ವಾದ ಎಂದರೆ ಒಬ್ಬರಿಂದ ಆಗುವ ಮಾತಲ್ಲ. ಅದು ಹಿಂದಿನ ವಾರವೇ ಕಣ್ಣಿಗೆ ಬೀಳಬೇಕು. ಹೈಕೋರ್ಟ್‌ನಲ್ಲಿ ಎಷ್ಟೋ ಕೇಸುಗಳಿಗೆ ನಿಗದಿಯಾದ ಮುಂದಿನ ತಾರೀಖು ಇರುವುದಿಲ್ಲ. ಅಲ್ಲಿ ದಿನಾ ಸಂಜೆ ಕಾಸ್ ಲಿಸ್ಟ್, ಅಂದರೆ ವಿಚಾರಣೆಗೆ ಬರುವ ಕೇಸುಗಳ ಪಟ್ಟಿ ನೋಡುವುದೇ ದಾರಿ. ಕೆಂಪು ರಟ್ಟಿನ ಡೈರಿಯನ್ನು ಬಿಡಬೇಕಾಗಿಲ್ಲ. ಕೋರ್ಟ್ ಹಾಲಿನಲ್ಲಿ ಅದೇ ಚೆನ್ನ. ಸಂಜೆ ಒಬ್ಬರು ಡೈರಿ ಓದಲಿ, ಇನ್ನೊಬ್ಬರು ಕ್ಯಾಲೆಂಡರ್‌ಗೆ ಹಾಕಿ ಇ-ಕೋರ್ಟ್ಸ್ ಜೊತೆ ತಾಳೆ ನೋಡಲಿ.

ಇನ್ನು ಇಮೇಲ್. ಹೈಕೋರ್ಟ್‌ನ ಕಲಬುರಗಿ ಪೀಠ 2013ರಲ್ಲಿ ಕಾಯಂ ಆದ ಮೇಲೆ ಬೀದರ್, ಯಾದಗಿರಿ, ರಾಯಚೂರು, ವಿಜಯಪುರದ ಅಪೀಲುಗಳ ಕಾಗದಪತ್ರ ಇಲ್ಲಿನ ಆಫೀಸುಗಳಿಗೆ ಬರುತ್ತಿವೆ. ಅವು ಯಾರ ಸ್ವಂತ ಜಿಮೇಲ್‌ಗೂ ಬರಬಾರದು. ಆಫೀಸಿಗೆ ಒಂದು ವಿಳಾಸ ಇರಲಿ. ಜೂನಿಯರ್ ಬಿಟ್ಟುಹೋದ ದಿನ ಅವರ ಮೇಲ್ ಜೊತೆ ಕೇಸಿನ ಕಾಗದಗಳೂ ಹೋಗುತ್ತವೆ ಅಲ್ವಾ? ವಿಷಯದ ಸಾಲಿನಲ್ಲಿ ಕೇಸ್ ನಂಬರ್, ಪಕ್ಷಕಾರರ ಹೆಸರು ಇರಲಿ. ಪ್ರತಿ ಕೇಸಿಗೆ ಒಂದು ಲೇಬಲ್ ಇರಲಿ. 25 ಎಂಬಿಗಿಂತ ದೊಡ್ಡ ಫೈಲನ್ನು ಜಿಮೇಲ್ ಡ್ರೈವ್ ಲಿಂಕ್ ಮಾಡಿ ಕಳಿಸುತ್ತದೆ. ಆ ಲಿಂಕ್ ಯಾರು ತೆರೆಯಬಹುದು ಎಂದು ಒಮ್ಮೆ ನೋಡಿಯೇ ಕಳಿಸಿ.

ವಿಳಾಸದ ಮೊದಲ ಎರಡು ಅಕ್ಷರ ಒತ್ತುತ್ತಲೇ ಜಿಮೇಲ್ ಉಳಿದದ್ದನ್ನು ತಾನೇ ತುಂಬುತ್ತದೆ. ಎದುರು ಪಕ್ಷದ ವಕೀಲರ ಹೆಸರೂ ನಮ್ಮ ಕಕ್ಷಿದಾರರ ಹೆಸರೂ ಒಂದೇ ಇದ್ದರೆ ಏನಾಗಬಹುದು ಎಂದು ಯೋಚಿಸಿ. ಸೆಟ್ಟಿಂಗ್ಸ್‌ನಲ್ಲಿ ಕಳಿಸಿದ್ದನ್ನು ಹಿಂಪಡೆಯುವ ಅವಧಿಯನ್ನು 30 ಸೆಕೆಂಡಿಗೆ ಏರಿಸಿಕೊಳ್ಳಿ. ಕೋರ್ಟ್ ಹತ್ತಿರದ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಆಫೀಸಿನ ಮೇಲ್ ತೆರೆದು ಹಾಗೇ ಬಿಟ್ಟುಬರುವ ಅಭ್ಯಾಸವನ್ನು ಇವತ್ತೇ ನಿಲ್ಲಿಸಬೇಕು. ಕಕ್ಷಿದಾರ ವಕೀಲನಿಗೆ ಹೇಳಿದ ಮಾತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 132 ರಕ್ಷಣೆ ಕೊಡುತ್ತದೆ. ಅದನ್ನು ಅಂಗಡಿಯ ಪರದೆ ಮೇಲೆ ತೆರೆದಿಟ್ಟು ಬರುವುದು ನಂಬಿ ಬಂದವರಿಗೆ ಮಾಡುವ ಅನ್ಯಾಯ. ಡಿಟಿಪಿಯವರಿಗೆ ಬೇಕಾದ ಕರಡನ್ನಷ್ಟೇ ಕಳಿಸಿ.

ಸಾಕ್ಷ್ಯವಾಗಬಹುದಾದ ಮೇಲ್‌ಗಳನ್ನು ಅಳಿಸಬೇಡಿ, ಫಾರ್ವರ್ಡ್ ಮಾಡಿದ ಪ್ರತಿಯನ್ನೇ ನೆಚ್ಚಬೇಡಿ. 2024ರ ಜುಲೈ 1ರಿಂದ ಪ್ರಿಂಟ್ ಹಾಜರುಪಡಿಸಲು ಅದೇ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು, ಅದರಲ್ಲಿ ಹ್ಯಾಶ್ ಮೌಲ್ಯವನ್ನೂ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತು) ನಮೂದಿಸಬೇಕು. ಮೂಲ ಮೇಲ್ ಕಕ್ಷಿದಾರರ ಖಾತೆಯಲ್ಲೇ ಇರುವಂತೆ ಮೊದಲ ಭೇಟಿಯಲ್ಲೇ ಹೇಳಿ.

ಹಳ್ಳಿಯ ಕಕ್ಷಿದಾರರಲ್ಲಿ ಮೇಲ್ ನೋಡುವವರು ಕಡಿಮೆ. ಅವರ ಮಗನೋ ಮಗಳೋ ಹೈದರಾಬಾದ್, ಪುಣೆಯಲ್ಲಿ ಇರುತ್ತಾರೆ. ಕಕ್ಷಿದಾರರ ಒಪ್ಪಿಗೆ ಬರೆಸಿಕೊಂಡು ತಾರೀಖಿನ ಮಾಹಿತಿ ಅವರಿಗೆ ಕಳಿಸಿ. ವಿಚಾರಣೆಗೆ ಎರಡು ದಿನ ಮೊದಲು ತಾನೇ ಹೋಗುವಂತೆ ಮೇಲನ್ನು ಇವತ್ತೇ ಶೆಡ್ಯೂಲ್ ಮಾಡಿಡಬಹುದು. ಆದರೆ ತಾರೀಖು ಬದಲಾದರೆ ಆ ಮೇಲನ್ನೂ ತೆಗೆಯಬೇಕು, ಇಲ್ಲದಿದ್ದರೆ ಅವರು ಸುಮ್ನೆ ಬಸ್ ಹತ್ತಿ ಬರುತ್ತಾರೆ.

ನಮ್ಮ ಭಾಗದ ಕ್ಯಾಲೆಂಡರ್‌ಗೆ ಇನ್ನೊಂದು ನಮೂದು ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಕಾರಣಕ್ಕೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಕೆಲಸದ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದು ರೂಢಿ. ಪಹಣಿ, ಮ್ಯುಟೇಶನ್ ನಕಲಿಗೆ ತಹಶೀಲ್ದಾರ್ ಕಚೇರಿಗೆ ಕಳಿಸುವ ಕೆಲಸವನ್ನು ಆ ಎರಡು ತಿಂಗಳು ಬೆಳಗಿನ ಹೊತ್ತಿಗೇ ಹಾಕಿ.