ಕರೆಂಟ್ ಹೋದಾಗ ಕೇಳುವ ದನಿಗಳು

ದಾವಣಗೆರೆಯಲ್ಲಿ ಸಂಜೆ ಕರೆಂಟ್ ಹೋದರೆ ಬೀದಿಯವರಿಗೆಲ್ಲ ಬೇಸರ. ನಾನು ಮಾತ್ರ ಮನೆಯ ಇನ್ವರ್ಟರನ್ನೂ ಆಫ್ ಮಾಡಿ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿಗಳು ತಮ್ಮತಮ್ಮಲ್ಲಿ ಮಾತಾಡುವ ರೇಡಿಯೋ ಮುಂದೆ ಕೂರುತ್ತೇನೆ. ನನ್ನ ಸೆಟ್ 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯುತ್ತದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಟಿವಿ ಇವುಗಳ ಒಳಗೆ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತಿರುತ್ತದೆ, ಆ ಗದ್ದಲವೆಲ್ಲ ರೇಡಿಯೋ ಅಲೆಯಾಗಿ ನನ್ನ ಆಂಟೆನಾಕ್ಕೂ ಬಂದು ಬೀಳುತ್ತದೆ. ಇಡೀ ಬೀದಿಯ ಗದ್ದಲ ಒಮ್ಮೆಲೇ ನಿಂತಾಗ, ಅಲ್ಲಿವರೆಗೆ ಬರೀ ಸೊರ್ ಅನ್ನುತ್ತಿದ್ದ ಕಡೆ ಯಾರದೋ ದನಿ ಕೇಳುತ್ತದೆ.

ಆಂಟೆನಾ ಅಂದರೆ ದೊಡ್ಡ ಟವರ್ ಅಲ್ಲ, ಸುಮ್ನೆ ತಂತಿ. 300ನ್ನು ಮೆಗಾಹರ್ಟ್ಸ್‌ನಿಂದ, ಅಂದರೆ ಅಲೆ ಸೆಕೆಂಡಿಗೆ ಎಷ್ಟು ಮಿಲಿಯನ್ ಸಲ ಕಂಪಿಸುತ್ತದೆ ಎಂಬ ಸಂಖ್ಯೆಯಿಂದ, ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ನಾನು ಬಳಸುವ 7.1 ಮೆಗಾಹರ್ಟ್ಸ್‌ಗೆ ಸುಮಾರು 42 ಮೀಟರ್. ಅದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಅಂದರೆ ತಲಾ 10 ಮೀಟರಿನ ಎರಡು ತಂತಿ ಸಾಕು. ನನ್ನದರ ಒಂದು ತುದಿ ತಾರಸಿಯ ಕಂಬಕ್ಕೆ, ಇನ್ನೊಂದು ಹಿತ್ತಲಿನ ತೆಂಗಿನಮರಕ್ಕೆ ಕಟ್ಟಿದೆ.

ಇದೇ ತಂತಿಯಲ್ಲಿ ಮಧ್ಯಾಹ್ನ ಬೆಂಗಳೂರು, ಹೈದರಾಬಾದ್ ಸಿಗುತ್ತವೆ. ಕತ್ತಲಾದ ಮೇಲೆ ಸಮುದ್ರ ದಾಟಿದ ದೇಶಗಳು ಬರುತ್ತವೆ! ಬಿಸಿಲಿಗೆ ನಮ್ಮ ತಲೆಯ ಮೇಲೆ 60ರಿಂದ 90 ಕಿಲೋಮೀಟರ್ ಎತ್ತರದ ಗಾಳಿ ವಿದ್ಯುತ್ ಕಣಗಳಿಂದ ತುಂಬಿ, ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಆ ಪದರ ಕರಗುತ್ತದೆ. ಅದಕ್ಕಿಂತ ಎಷ್ಟೋ ಮೇಲಿರುವ ಇನ್ನೊಂದು ಪದರ ರಾತ್ರಿಯೂ ಉಳಿದು, ಅಲೆಗಳನ್ನು ಬಗ್ಗಿಸಿ ದೂರದ ನೆಲಕ್ಕೆ ಕಳಿಸುತ್ತದೆ. ಮುಸ್ಸಂಜೆಯ ಪವರ್ ಕಟ್ ನನಗೆ ಇಷ್ಟ ಆಗೋದು ಇದಕ್ಕೇ.

ಕೈಯಲ್ಲಿ ಹಿಡಿಯುವ ಪುಟ್ಟ ಸೆಟ್ಟಿನ ಲೆಕ್ಕ ಬೇರೆ. ಅದರ 144-146 ಮೆಗಾಹರ್ಟ್ಸ್ ಅಲೆ ಸಾಮಾನ್ಯವಾಗಿ ಆಕಾಶದಿಂದ ವಾಪಸ್ ಬರುವುದಿಲ್ಲ, ಹೆಚ್ಚುಕಮ್ಮಿ ನೇರ ಹೋಗುತ್ತದೆ. ಚಿತ್ರದುರ್ಗದ ಕಡೆ ಬಯಲಿಗಿಂತ 300 ಮೀಟರ್ ಎತ್ತರದ ಗುಡ್ಡ ಹತ್ತಿದರೆ, ಅಡ್ಡ ಏನೂ ಇಲ್ಲದ ದಿಕ್ಕಿನಲ್ಲಿ ಸುಮಾರು 70 ಕಿಲೋಮೀಟರ್ ತಲುಪಬಹುದು. ಅದೇ ಸೆಟ್ ಕೋಟೆಯ ಬಂಡೆಗಳ ಬುಡದಲ್ಲಿ ನಿಂತರೆ ಪಕ್ಕದ ಬಡಾವಣೆಗೂ ತಡಕಾಡುತ್ತದೆ.

ಮಾತಾಡಲು ಪರೀಕ್ಷೆ ಬರೆದು ಲೈಸೆನ್ಸ್ ತಗೋಬೇಕು. 12 ವರ್ಷ ತುಂಬಿದ ಮಕ್ಕಳೂ ಬರೆಯಬಹುದು. ಆಮೇಲೆ ವಿಯು ಇಂದ ಶುರುವಾಗುವ ಕಾಲ್ ಸೈನ್ ಸಿಗುತ್ತದೆ, ಗಾಳಿಯಲ್ಲಿ ಅದೇ ನಮ್ಮ ಹೆಸರು. ಹೊಸಬರು ಸೆಟ್ ಕೈಗೆ ಬಂದ ತಕ್ಷಣ ಕೂಗಲು ಹೋಗುತ್ತಾರೆ, ಮೊದಲು ಒಂದು ವಾರ ಕೇಳಿ ಅನ್ನುತ್ತೇನೆ ನಾನು. ಆ ಫ್ರೀಕ್ವೆನ್ಸಿಯಲ್ಲಿ ಬೇರೆ ಯಾರಾದರೂ ಮಾತಾಡುತ್ತಿದ್ದಾರಾ ಅಂತ ವಿಚಾರಿಸಿ, ಆಮೇಲೆ 'ಸಿಕ್ಯೂ, ಸಿಕ್ಯೂ' ಎಂದು ಕರೆದು ಕಾಲ್ ಸೈನ್ ಹೇಳಬೇಕು. ಯಾರಾದರೂ ಮಾತಾಡಲು ಬನ್ನಿ ಎಂದು ಅದರ ಅರ್ಥ. ಬಂದವರು '59' ಅಂದರೆ ಮಾತು ಪೂರ್ತಿ ಸ್ಪಷ್ಟ, ಸಿಗ್ನಲ್ ಜೋರು. ಹೋಗುವಾಗ '73', ಅಂದರೆ ಶುಭಾಶಯ, ಟೆಲಿಗ್ರಾಫ್ ಕಾಲದಿಂದ ಬಂದ ರೂಢಿ.

ಒಂದು ರಾತ್ರಿ ಕತ್ತಲಲ್ಲಿ ಇಂಡೋನೇಷ್ಯಾದವರೊಬ್ಬರು ಸಿಕ್ಕರು. ಊರಿನ ಹೆಸರು ತಿಳಿಯಲಿಲ್ಲ ಎಂದರು. ಡೆಲ್ಟಾ, ಆಲ್ಫಾ, ವಿಕ್ಟರ್ ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದೆ, ಅಷ್ಟರಲ್ಲಿ ಬೀದಿದೀಪ ಹತ್ತಿತು. ಮತ್ತೆ ಅದೇ ಸೊರ್! ಅವರ ದನಿ ಮುಳುಗಿಹೋಯಿತು. ಆದರೆ ಗದ್ದಲ ಇದ್ದದ್ದು ನನ್ನ ಕಡೆ, ಅವರ ಕಡೆ ಅಲ್ಲ ಅಲ್ವಾ? ಹಾಗಾಗಿ ಉಳಿದ ಅಕ್ಷರಗಳನ್ನೂ ನಿಧಾನವಾಗಿ ಹೇಳಿ ಮುಗಿಸಿ, 73 ಎಂದು ಮೈಕ್ ಇಟ್ಟೆ.