ಘಟ್ಟ ಇಳಿಯುವ ಟ್ರೇಲರ್: ಭಾರ ಎಲ್ಲಿ ಕೂರಬೇಕು?

ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳಲ್ಲಿ ಬಸಿಗಾಲುವೆ ತೆಗೆಯಲು, ಕುಮಟಾ, ಅಂಕೋಲಾ ಕಡೆ ಮನೆಯ ಪಾಯ ತೋಡಲು ಈಗ ಸಣ್ಣ ಹಿಟಾಚಿ ಯಂತ್ರಗಳೇ ಬರುತ್ತವೆ. ಗೊಬ್ಬರ, ಸೊಪ್ಪು, ಚಿರೆಕಲ್ಲು ಹೊತ್ತುಕೊಂಡಿದ್ದ ಎರಡು ಗಾಲಿಯ ಟ್ರೇಲರಿನಲ್ಲಿಯೇ ಅವನ್ನೂ ಸಾಗಿಸಬೇಕೆಂಬ ಆಸೆ ಸಹಜವಾದುದು. ವೆಲ್ಡಿಂಗ್ ಅಂಗಡಿಯಲ್ಲಿ ಇನ್ನೆರಡು ಚಾನಲ್ (ಕಬ್ಬಿಣದ ತೊಲೆ) ಕೂಡಿಸಿ ಗಟ್ಟಿ ಮಾಡಿಸಿದರೆ ಸಾಕೆಂಬ ಎಣಿಕೆಯೂ ಸಾಮಾನ್ಯ. ಆದರೆ ಕಬ್ಬಿಣವನ್ನು ಎಷ್ಟು ಸೇರಿಸಿದೆವು ಎನ್ನುವುದಕ್ಕಿಂತ ಭಾರ ಎಲ್ಲಿ ಕೂರುತ್ತದೆ, ಅದನ್ನು ಯಾವುದು ತಡೆದು ನಿಲ್ಲಿಸುತ್ತದೆ ಎನ್ನುವುದೇ ಘಟ್ಟದ ದಾರಿಯಲ್ಲಿ ಮುಖ್ಯವಾಗುತ್ತದೆ.

ಗೊಬ್ಬರದ ಭಾರ ಹಾಸಿನ ಉದ್ದಕ್ಕೂ ಹರಡಿಕೊಂಡಿರುತ್ತದೆ, ಯಂತ್ರದ ಭಾರ ಹಾಗಲ್ಲ. ಎರಡು ತುದಿಗಳಲ್ಲಿ ಆಧಾರವಿರುವ ತೊಲೆಯ ನಟ್ಟನಡುವೆ ಒಂದೇ ಕಡೆ ತೂಕವಿಟ್ಟಾಗ ಅದನ್ನು ಬಾಗಿಸುವ ಪರಿಣಾಮವು, ಅದೇ ತೂಕ ಉದ್ದಕ್ಕೂ ಸಮನಾಗಿ ಹರಡಿದಾಗಿನದರ ಎರಡರಷ್ಟಾಗುತ್ತದೆ. ಎರಡು ಟನ್ ಗೊಬ್ಬರವನ್ನು ವರ್ಷಗಟ್ಟಲೆ ಹೊತ್ತ ಟ್ರೇಲರ್ ಎರಡು ಟನ್ ಯಂತ್ರವನ್ನೂ ಹೊರುತ್ತದೆ ಎನ್ನಲಾಗದಿರುವುದು ಇದರಿಂದಲೇ. ತೊಲೆಗೆ ಬಲ ಬರುವುದು ಮುಖ್ಯವಾಗಿ ಅದರ ಎತ್ತರದಿಂದ: ಆಯತಾಕಾರದ ಪಟ್ಟಿಯ ಅಗಲವನ್ನು ಇಮ್ಮಡಿಸಿದರೆ ಬಲ ಇಮ್ಮಡಿಯಾಗುತ್ತದೆ, ಎತ್ತರವನ್ನು ಇಮ್ಮಡಿಸಿದರೆ ನಾಲ್ಕು ಪಟ್ಟಾಗುತ್ತದೆ. 75 ಮಿ.ಮೀ. ಚಾನಲಿನ ಬದಲು 100 ಮಿ.ಮೀ. ಚಾನಲ್ ಹಾಕಿದಾಗ ತೂಕ ಸುಮಾರು ಮೂರನೇ ಒಂದರಷ್ಟು ಹೆಚ್ಚಿದರೆ, ಬಾಗುವಿಕೆಯನ್ನು ತಡೆಯುವ ಬಲ ಸುಮಾರು 1.8 ಪಟ್ಟಾಗುತ್ತದೆ. ಹಳೆಯ ಚಾನಲಿನ ಪಕ್ಕಕ್ಕೆ ಚಪ್ಪಟೆ ಪಟ್ಟಿ ಅಂಟಿಸುವ ರೂಢಿಗಿಂತ ಇದು ಎಷ್ಟೋ ಮೇಲು. ಅಲ್ಲದೆ ತೊಲೆಯ ಕೆಳಅಂಚಿನಲ್ಲಿ ಅಡ್ಡಲಾಗಿ ವೆಲ್ಡ್ ಎಳೆಯಬಾರದು. ಭಾರ ಬಿದ್ದಾಗ ಹೆಚ್ಚು ಎಳೆತಕ್ಕೆ ಸಿಗುವುದು ಆ ಅಂಚೇ ಆದುದರಿಂದ, ಕುಲುಕಾಟದಲ್ಲಿ ಸಣ್ಣ ಬಿರುಕುಗಳು ವೆಲ್ಡಿನ ಬದಿಯಿಂದಲೇ ಶುರುವಾಗುತ್ತವೆ.

ಸೇರಿಸಿದ ಕಬ್ಬಿಣದ ತೂಕವನ್ನೂ ಹಳೆಯ ಎಕ್ಸಲ್ ಮತ್ತು ಟಯರುಗಳೇ ಹೊರಬೇಕು. ಟಯರಿನ ಮಗ್ಗುಲಲ್ಲಿ ಅಚ್ಚಾಗಿರುವ ಭಾರದ ಮಿತಿಯನ್ನು ಯಾವ ವೆಲ್ಡಿಂಗೂ ಹೆಚ್ಚಿಸಲಾರದು.

ಇನ್ನು ಸಮತೋಲದ ಲೆಕ್ಕ. ಎಕ್ಸಲ್‌ನಿಂದ ಟ್ರೇಲರನ್ನು ಟ್ರ್ಯಾಕ್ಟರಿಗೆ ಕಟ್ಟುವ ಕೊಕ್ಕೆಯ ಪಿನ್ನಿನವರೆಗೆ 3 ಮೀಟರ್ ಇದೆ, ಯಂತ್ರದ ತೂಕ 1,700 ಕಿಲೋ ಎಂದಿಟ್ಟುಕೊಳ್ಳೋಣ. ಯಂತ್ರದ ಗುರುತ್ವಕೇಂದ್ರ ಎಕ್ಸಲ್‌ಗಿಂತ 30 ಸೆಂ.ಮೀ. ಮುಂದಿದ್ದರೆ ಕೊಕ್ಕೆಯ ಮೇಲೆ ಅದರಿಂದ 170 ಕಿಲೋ ಭಾರ ಬೀಳುತ್ತದೆ, ಅಷ್ಟೇ ದೂರ ಹಿಂದಿದ್ದರೆ ಅಷ್ಟೇ ಬಲ ಕೊಕ್ಕೆಯನ್ನು ಮೇಲಕ್ಕೆತ್ತುತ್ತದೆ. ಕೊಕ್ಕೆ ಹಗುರಾದ ಟ್ರೇಲರ್ ವೇಗದಲ್ಲಿ ಬಾಲ ಬೀಸತೊಡಗುತ್ತದೆ. ಪಿಕಪ್‌ಗೆ ಕಟ್ಟುವ ಟ್ರೇಲರುಗಳಲ್ಲಿ ಒಟ್ಟು ತೂಕದ ಶೇ. 10ರಿಂದ 15ರಷ್ಟು ಕೊಕ್ಕೆಯ ಮೇಲಿರಬೇಕೆಂಬುದು ರೂಢಿಯ ಅಳತೆ. ಟ್ರ್ಯಾಕ್ಟರು ಇನ್ನಷ್ಟನ್ನು ತಾಳುತ್ತದಾದರೂ ಅತಿಯಾದರೆ ಏರಿನಲ್ಲಿ ಅದರ ಮುಂದಿನ ಗಾಲಿಗಳು ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ.

ಯಂತ್ರವನ್ನು ಏರಿಸುವ ಗಳಿಗೆ ಇದಕ್ಕಿಂತ ಅಪಾಯಕಾರಿ. ಯಂತ್ರ ಹಿಂಬದಿಯ ಹಲಗೆ ಹತ್ತಿ ಎಕ್ಸಲ್‌ಗಿಂತ ಒಂದು ಮೀಟರ್ ಹಿಂದಿರುವಾಗ ಕೊಕ್ಕೆಯನ್ನು ಮೇಲಕ್ಕೆತ್ತುವ ಬಲ ಸುಮಾರು 570 ಕಿಲೋ. ಟ್ರೇಲರಿನ ಸ್ವಂತ ಭಾರ ಅದರಲ್ಲಿ ಸ್ವಲ್ಪವನ್ನಷ್ಟೇ ಕಳೆಯುತ್ತದೆ. ಟ್ರ್ಯಾಕ್ಟರಿನ ಹಿಂಗಾಲಿಗಳು ಹಗುರಾದಾಗ ಅವುಗಳ ಬ್ರೇಕಿನ ಹಿಡಿತವೂ ಹೋಗಿ, ಇಳಿಜಾರಿದ್ದರೆ ಇಡೀ ಜೋಡಿ ಜಾರುತ್ತದೆ. ಆದ್ದರಿಂದ ಟ್ರೇಲರಿನ ಹಿಂದಿನ ಎರಡು ಮೂಲೆಗಳಲ್ಲಿ ನೆಲಕ್ಕೆ ಇಳಿಬಿಡುವ ಆಧಾರಗಾಲುಗಳನ್ನು ಕೂಡಿಸುವುದು, ನನ್ನ ಮಟ್ಟಿಗೆ, ಈ ಮಾರ್ಪಾಡಿನಲ್ಲಿ ಮೊದಲು ಹಣ ಹಾಕಬೇಕಾದ ಕೆಲಸ.

ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಕುಮಟಾ ಕಡಲ ದಡದಲ್ಲಿದೆ. ಯಂತ್ರವೂ ಟ್ರೇಲರೂ ಸೇರಿ 3 ಟನ್ ಎಂದರೆ, ದೇವಿಮನೆ ಘಟ್ಟದ ದಾರಿಯಾಗಿ ಅಷ್ಟು ಎತ್ತರ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 17.6 ಮೆಗಾಜೂಲ್. ಇದು ಸುಮಾರು 56 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲ ಶಾಖ. ಗಾಳಿ, ಟಯರುಗಳ ಘರ್ಷಣೆ, ಎಂಜಿನ್ನಿನ ತಡೆ ಇವು ನುಂಗಿ ಉಳಿದದ್ದೆಲ್ಲ ಬ್ರೇಕಿಗೇ ಬರುತ್ತದೆ, ಡ್ರಮ್ ಅತಿಯಾಗಿ ಕಾದಾಗ ಬ್ರೇಕಿನ ಹಿಡಿತ ಕುಂದುತ್ತದೆ. ಟ್ರೇಲರಿಗೆ ತನ್ನದೇ ಬ್ರೇಕಿಲ್ಲದಿದ್ದರೆ ಅದು ಟ್ರ್ಯಾಕ್ಟರನ್ನು ಹಿಂದಿನಿಂದ ದೂಡಿ, ತಿರುವಿನಲ್ಲಿ ಅಡ್ಡ ಮಡಚಿಸುತ್ತದೆ. ಹೀಗಾಗಿ ಟ್ರೇಲರಿನ ಗಾಲಿಗಳಿಗೆ ಬ್ರೇಕ್ ಕೂಡಿಸಬೇಕು. ಏರಲು ಬೇಕಾದಷ್ಟೇ ಸಣ್ಣ ಗೇರಿನಲ್ಲಿ ಇಳಿಯಬೇಕು. ಟ್ರ್ಯಾಕ್ಟರಿನ ಎಡ-ಬಲ ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಒಂದು ಮಾಡಿರಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಬಿಡುವ ಚಟಕ್ಕೆ ಇಲ್ಲಿ ಎಡೆಯೇ ಇಲ್ಲ.

ಯಂತ್ರವನ್ನು ನಾಲ್ಕು ಮೂಲೆಗಳಿಂದ ಸರಪಳಿಯಲ್ಲಿ ಬಿಗಿಯಬೇಕು. ಜೋರಾದ ಬ್ರೇಕಿಗೆ ಯಂತ್ರ ತನ್ನ ತೂಕದ ಶೇ. 80ರಷ್ಟು ಬಲದಿಂದ ಮುಂದಕ್ಕೆ ನುಗ್ಗಬಹುದೆಂದು ಎಣಿಸಿ ಕೊಂಡಿಗಳನ್ನು ಆರಿಸುವುದು ಲೇಸು. ಸರಪಳಿ ಟ್ರೇಲರಿನ ಹಾಸಿನಿಂದ 60 ಡಿಗ್ರಿ ಕಡಿದಾಗಿದ್ದರೆ ಅದರ ಎಳೆತದಲ್ಲಿ ಅರ್ಧ ಮಾತ್ರ ಆ ನುಗ್ಗನ್ನು ತಡೆಯುತ್ತದೆ. ಒದ್ದೆ ಜಂಬಿಟ್ಟಿಗೆಯ ಕೆಸರು ಮೆತ್ತಿದ ಕಬ್ಬಿಣದ ಹಾಸು ಜಾರುತ್ತದೆ, ಆದ್ದರಿಂದ ಕೆಸರು ಕೆರೆದು ಮರದ ಹಲಗೆ ಹಾಸುವುದು ಒಳ್ಳೆಯದು. ವರ್ಷಕ್ಕೆ 3,000 ಮಿ.ಮೀ.ಗೂ ಮಿಗಿಲಾಗಿ ಮಳೆ ಸುರಿಯುವ ಈ ಕರಾವಳಿಯ ಉಪ್ಪುಗಾಳಿಯಲ್ಲಿ ನೀರು ನಿಂತ ಚೌಕ ಪೈಪು ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಅದಕ್ಕೆ ನೀರು ಬಸಿಯಲು ತೂತುಗಳಿರಲಿ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ವಿವರಗಳನ್ನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದಾದ್ದರಿಂದ, ಕತ್ತರಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು. ಕೆಲಸ ಮುಗಿದ ಮೇಲೆ ವೇಬ್ರಿಡ್ಜ್‌ಗೆ ಒಯ್ದು, ಮೊದಲು ಟ್ರ್ಯಾಕ್ಟರಿನಿಂದ ಬಿಡಿಸಿದ ಟ್ರೇಲರನ್ನು ಯಂತ್ರಸಮೇತ ಪೂರ್ತಿ ತೂಗಿಸಬೇಕು. ಬಳಿಕ ಟ್ರ್ಯಾಕ್ಟರಿಗೆ ಕಟ್ಟಿ, ಟ್ರೇಲರಿನ ಗಾಲಿಗಳು ಮಾತ್ರ ಕಟ್ಟೆಯ ಮೇಲಿರುವಂತೆ ಮತ್ತೊಮ್ಮೆ ತೂಗಿಸಬೇಕು. ಎರಡರ ವ್ಯತ್ಯಾಸವೇ ಕೊಕ್ಕೆಯ ಭಾರ. ಅದು ಕಡಿಮೆಯಾದರೆ ಯಂತ್ರವನ್ನು ಒಂದು ಗೇಣು ಮುಂದಕ್ಕೆ ಸರಿಸಿ ಪುನಃ ತೂಗಿಸಬೇಕು. ಸರಿಯಾದ ಜಾಗ ಸಿಕ್ಕಿತೆಂದರೆ ಅಲ್ಲಿಯೇ ಹಾಸಿಗೆ ಅಡ್ಡಪಟ್ಟಿಯೊಂದನ್ನು ವೆಲ್ಡ್ ಮಾಡಿಸಿದರಾಯಿತು, ಮುಂದೆ ಯಾರು ಏರಿಸಿದರೂ ಯಂತ್ರದ ಪಟ್ಟೆ ಆ ಗುರುತಿಗೇ ಬಂದು ನಿಲ್ಲುತ್ತದೆ.