ಬೆಳೆಯುವ ಊರಿಗೆ ಒಂದು ಗಾಜಿನ ಕೊಳವೆ

ಆಗಸ್ಟ್ ಹೊತ್ತಿಗೆ ಗದಗ ಸೀಮೆಯ ಎರೆಹೊಲಗಳಲ್ಲಿ ಹೆಸರುಕಾಯಿ ಬಿಡಿಸುವ ಕೆಲಸ ಜೋರಾಗಿರುತ್ತದೆ. ಮೊಣಕಾಲೆತ್ತರದ ಗಿಡ, ಬುಡದಲ್ಲಿ ತೇವ, ಬದುವಿನಲ್ಲಿ ಇಲಿಯ ಬಿಲ. ಕಾಯಿ ಹುಡುಕುವ ಕೈ ಎಲೆಗಳ ಅಡಿಗೆ ಹೋಗುತ್ತದೆ, ಕಣ್ಣು ಅದರ ಜೊತೆಗೆ ಹೋಗುವುದಿಲ್ಲ. ಆಗ ಕೇಳಿಬರುವ ಮಾತು "ಹುಳ ಮುಟ್ಟೈತಿ" ಎಂಬುದು. ಹಾವಿನ ಹೆಸರನ್ನು ನಮ್ಮ ಕಡೆ ಬಾಯಿಬಿಟ್ಟು ಹೇಳುವುದಿಲ್ಲ. ಇದರ ಆಚೀಚೆಯೇ ಪಂಚಮಿ ಹಬ್ಬವೂ ಬರುತ್ತದೆ. ಹುತ್ತಕ್ಕೆ ಹಾಲೆರೆದು, ಉಂಡಿ ಹಂಚಿ, ಜೋಕಾಲಿ ಆಡಿದ ಊರೇ ಮರುವಾರ ಹಾವು ಕಡಿದವಳೊಬ್ಬಳನ್ನು ಟಂಟಂನಲ್ಲಿ ಕೂರಿಸಿಕೊಂಡು, ಗದಗಿಗೆ ಹೋಗಬೇಕೋ, ಹುಬ್ಬಳ್ಳಿಗೋ, ಪಕ್ಕದ ಹಳ್ಳಿಯ ಮಂತ್ರ ಹಾಕುವವನ ಬಳಿಗೋ ಎಂದು ನಾಲ್ಕು ರಸ್ತೆ ಕೂಡುವಲ್ಲಿ ವಾದ ಮಾಡುತ್ತ ನಿಂತಿರುತ್ತದೆ.

ನಮ್ಮೂರು ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೋಗುವ ದಾರಿಗೆ ಹತ್ತಿರದಲ್ಲಿದೆ. ಹದಿನೈದು ವರ್ಷದ ಹಿಂದೆ ಬಿಳಿಜೋಳ ಬೆಳೆಯುತ್ತಿದ್ದ ನೆಲದಲ್ಲಿ ಈಗ ಎನ್‌ಎ (ಕೃಷಿಯೇತರ) ಪ್ಲಾಟುಗಳ ಕಲ್ಲುಗಳು ನಿಂತಿವೆ. ಗೋದಾಮು, ಎರಡು ಕಲ್ಯಾಣ ಮಂಟಪ, ಒಂದು ಪೆಟ್ರೋಲ್ ಬಂಕ್ ಬಂದಿವೆ. ಕಳೆದ ಗ್ರಾಮಸಭೆಯಲ್ಲಿ "ಊರು ಬೆಳೆದಿದೆ, ದವಾಖಾನೆಯೂ ಬೆಳೆಯಬೇಕು" ಎಂಬ ಬೇಡಿಕೆ ಎದ್ದಿತು. ಒಬ್ಬರು ಸ್ಕ್ಯಾನಿಂಗ್ ಯಂತ್ರ ಬೇಕೆಂದರು, ಇನ್ನೊಬ್ಬರು ಮೂರಂತಸ್ತಿನ ಕಟ್ಟಡ ಬೇಕೆಂದರು. ನಾನು ಎದ್ದು, "ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಮ್ಮೆಯೂ ತೊಳೆಯದ ಹೊಸ ಗಾಜಿನ ಕೊಳವೆಗಳು ಎಷ್ಟಿವೆ?" ಎಂದು ಕೇಳಿದೆ. ಸಭೆ ನಕ್ಕಿತು. ನಾನು ಕೇಳಿದ್ದು ಹಾವು ಕಡಿದವರ ರಕ್ತ ಪರೀಕ್ಷಿಸುವ ಕೊಳವೆಯನ್ನು. ಆ ನಗುವಿಗೆ ಅಲ್ಲಿ ಉತ್ತರ ಕೊಡುವಷ್ಟು ಹೊತ್ತು ಸಿಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಊರು ಬೆಳೆದಂತೆ ಆರೋಗ್ಯ ಸೇವೆಯೂ ಬೆಳೆಯಬೇಕು ಎಂಬುದು ಹೊಸ ಮಾತಲ್ಲ. ದೇಶದ ಆರೋಗ್ಯ ವ್ಯವಸ್ಥೆಯ ಪರಿಶೀಲನೆಗೆ 1943ರಲ್ಲಿ ನೇಮಕವಾದ ಭೋರ್ ಸಮಿತಿ 1946ರ ತನ್ನ ವರದಿಯಲ್ಲಿ, ಮೊದಲ ಹಂತದಲ್ಲಿ 40,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕು ಎಂದಿತು. ಇವತ್ತಿನ ಲೆಕ್ಕದಲ್ಲಿ ಬಯಲುಸೀಮೆಯ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನರಿಗೆ 30 ಹಾಸಿಗೆಯ ಒಂದು ಸಮುದಾಯ ಆರೋಗ್ಯ ಕೇಂದ್ರ. ಈ ಲೆಕ್ಕ ತಲೆಗಳನ್ನು ಎಣಿಸುತ್ತದೆ, ನಿಮಿಷಗಳನ್ನು ಎಣಿಸುವುದಿಲ್ಲ. ಕೊಳಕುಮಂಡಲ ಹಾವಿನ ವಿಷಕ್ಕಾದರೋ ನಿಮಿಷಗಳ ಲೆಕ್ಕವೊಂದೇ ಗೊತ್ತು.

ಗಾಜಿನ ಕೊಳವೆಯ ಪರೀಕ್ಷೆ ಇಷ್ಟೇ. ಹಾವು ಕಡಿದವರ ರಕ್ತನಾಳದಿಂದ 2 ಮಿಲಿಲೀಟರ್ ರಕ್ತ ತೆಗೆದು, ಸ್ವಚ್ಛವಾದ, ಒಣಗಿದ, ಹೊಸ ಗಾಜಿನ ಕೊಳವೆಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಡಬೇಕು. ಆಮೇಲೆ ಒಂದೇ ಒಂದು ಸಲ ಓರೆ ಮಾಡಿ ನೋಡಬೇಕು. ರಕ್ತ ಮೊಸರಿನಂತೆ ಹೆಪ್ಪುಗಟ್ಟಿ ಅಲ್ಲಾಡದೆ ನಿಂತರೆ ಸದ್ಯಕ್ಕೆ ನೆಮ್ಮದಿ. ನೀರಿನಂತೆ ಗೋಡೆಗುಂಟ ಹರಿದರೆ, ಮಂಡಲದ ಹಾವಿನ ವಿಷ ಮೈಯೊಳಗೆ ಕೆಲಸ ಶುರುಮಾಡಿದೆ ಎಂದರ್ಥ. ವಿಷಮದ್ದನ್ನು, ಅಂದರೆ ವಿಷವನ್ನು ಇಳಿಸುವ ಮದ್ದನ್ನು, ತಡಮಾಡದೆ ಕೊಡಬೇಕು. ವಿದ್ಯುತ್ತು ಬೇಡ, ಯಂತ್ರ ಬೇಡ, ಗದಗಿಗೆ ಕಳಿಸಿದ ಮಾದರಿಯ ವರದಿಗಾಗಿ ಕಾಯುವುದೂ ಬೇಡ. ಗಡಿಯಾರವೊಂದು ಬೇಕು, ಅಷ್ಟೇ.

ಈ ಇಪ್ಪತ್ತು ನಿಮಿಷದಲ್ಲಿ ಕೊಳವೆಯೊಳಗೆ ಆಗುವುದನ್ನು ನೆನೆದರೆ ನನಗೆ ಇಂದಿಗೂ ರೋಮಾಂಚನವಾಗುತ್ತದೆ. ಮಂಡಲದ ವಿಷ ರಕ್ತವನ್ನು ತೆಳ್ಳಗೆ ಮಾಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ನಡೆಯುವುದು ಅದರ ತದ್ವಿರುದ್ಧ. ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿದ್ದಂತೆ ಹೆಪ್ಪು ಎಂಬ ಮಾತು ಹಾಲಿಗೂ ರಕ್ತಕ್ಕೂ ಒಂದೇ. ರಾತ್ರಿ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ ಬೆಳಿಗ್ಗೆ ಗಡ್ಡೆ ಮೊಸರು ಆಗುವಂತೆ, ರಕ್ತಕ್ಕೂ ತನ್ನದೇ ಹೆಪ್ಪುಗಳ ಒಂದು ಸರಣಿಯಿದೆ. ಒಂದು ಅಂಶ ಇನ್ನೊಂದನ್ನು ಎಬ್ಬಿಸುತ್ತದೆ, ಅದು ಮತ್ತೊಂದನ್ನು ಎಬ್ಬಿಸುತ್ತದೆ, ಕೊನೆಗೆ ಫೈಬ್ರಿನೋಜನ್ ಎಂಬ ಕರಗಿದ ಪ್ರೋಟೀನು ಫೈಬ್ರಿನ್ ಎಂಬ ನೂಲಾಗುತ್ತದೆ. ಬೆಟಗೇರಿಯ ಮಗ್ಗದಲ್ಲಿ ಹಾಸುಹೊಕ್ಕಿನ ನೂಲು ಬಟ್ಟೆಯಾಗುವಂತೆ ಈ ನೂಲುಗಳು ಹೆಣೆದುಕೊಂಡು ಗಾಯದ ಬಾಯನ್ನು ಮುಚ್ಚುತ್ತವೆ. ಕೊಳಕುಮಂಡಲದ ವಿಷದಲ್ಲಿ ಈ ಸರಣಿಯ ಹತ್ತನೆಯ ಮತ್ತು ಐದನೆಯ ಅಂಶಗಳನ್ನು ನೇರವಾಗಿ ಎಬ್ಬಿಸುವ ಕಿಣ್ವಗಳಿವೆ. ಗರಗಸ ಮಂಡಲದ ವಿಷ ಇನ್ನೂ ಒಂದು ಮೆಟ್ಟಿಲು ಕೆಳಗಿಳಿದು ಪ್ರೋಥ್ರಾಂಬಿನ್ ಎಂಬ ಅಂಶವನ್ನೇ ಎಬ್ಬಿಸುತ್ತದೆ. ಅಂದರೆ ಗಾಯವಿಲ್ಲದ ಕಡೆಯಲ್ಲೆಲ್ಲ, ಹರಿಯುವ ರಕ್ತದೊಳಗೇ, ಸಣ್ಣ ಸಣ್ಣ ಹೆಪ್ಪುಗಳು ಆಗುತ್ತ, ಕರಗುತ್ತ ಹೋಗುತ್ತವೆ. ನೇಕಾರ ಬೇಡದ ಕಡೆಗೆಲ್ಲ ತುಂಡು ಬಟ್ಟೆ ನೇಯುತ್ತ ಕೂತರೆ ಮನೆಯ ನೂಲೆಲ್ಲ ತೀರುತ್ತದಲ್ಲ, ಹಾಗೆ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಯಾರೋ ಕಿಡಿಗೇಡಿ ಹತ್ತು ಕಡೆಯಿಂದ ಸುಳ್ಳು ಕರೆ ಮಾಡಿ ಅಗ್ನಿಶಾಮಕ ವಾಹನದ ನೀರನ್ನೆಲ್ಲ ಖಾಲಿ ಮಾಡಿಸಿದ ಮೇಲೆ ನಿಜವಾದ ಬಣವೆಗೆ ಬೆಂಕಿ ಬಿದ್ದಂತೆ. ಕೊಳವೆಯಲ್ಲಿ ಹರಿಯುವ ರಕ್ತ ತೆಳ್ಳಗಾದದ್ದಲ್ಲ, ನೂಲು ತೀರಿಹೋದದ್ದು. ಆ ಹೊತ್ತಿನಲ್ಲಿ ಒಸಡಿನಿಂದಲೋ, ಮೂತ್ರದಲ್ಲೋ, ಮೆದುಳಿನಲ್ಲೋ ರಕ್ತ ಸೋರತೊಡಗಿದರೆ ತಡೆಯುವುದಕ್ಕೆ ಮೈಯಲ್ಲಿ ಏನೂ ಉಳಿದಿರುವುದಿಲ್ಲ.

ಇದೇ ಗುಣವನ್ನು ಮನುಷ್ಯ ಉಪಯೋಗಕ್ಕೂ ತಂದುಕೊಂಡಿದ್ದಾನೆ. 1934ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಫಾರ್ಲೇನ್ ಎಂಬ ವೈದ್ಯ, ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗಿಗಳ ಗಾಯಕ್ಕೆ ಕೊಳಕುಮಂಡಲದ ವಿಷವನ್ನು ತೀರಾ ತೆಳುವಾಗಿಸಿ ಮೇಲಿನಿಂದ ಹಚ್ಚಿ ರಕ್ತ ನಿಲ್ಲಿಸಿದ ವರದಿ ಪ್ರಕಟವಾಯಿತು. ಇಂದಿಗೂ ದೊಡ್ಡ ಪ್ರಯೋಗಾಲಯಗಳಲ್ಲಿ ರಕ್ತದ ಕೆಲವು ದೋಷಗಳನ್ನು ಪತ್ತೆ ಹಚ್ಚಲು ಅದೇ ಹಾವಿನ ವಿಷವನ್ನು ಬಳಸುತ್ತಾರೆ.

ಕೊಳವೆ ಗಾಜಿನದೇ ಏಕೆ ಆಗಬೇಕು? ಗಾಜಿನ ಮೇಲ್ಮೈಯಲ್ಲಿ ಋಣ ವಿದ್ಯುದಾವೇಶವಿರುತ್ತದೆ. ಅದು ತಗುಲಿದ ಕೂಡಲೇ ರಕ್ತದ ಹನ್ನೆರಡನೆಯ ಅಂಶ ಎಚ್ಚರಗೊಂಡು ಸರಣಿಯನ್ನು ಆರಂಭಿಸುತ್ತದೆ. ಈ ಅಂಶಕ್ಕೆ ಹೇಗ್‌ಮನ್ ಅಂಶ ಎಂಬ ಹೆಸರು ಬಂದದ್ದು ಅಮೆರಿಕದ ಒಬ್ಬ ರೈಲ್ವೆ ಕೆಲಸಗಾರನಿಂದ. ಆತನ ರಕ್ತ ಗಾಜಿನಲ್ಲಿ ಬಹಳ ಹೊತ್ತು ಹೆಪ್ಪುಗಟ್ಟುತ್ತಿರಲಿಲ್ಲ, ಆದರೆ ಗಾಯವಾದರೆ ಆತನಿಗೆ ಹೆಚ್ಚಿನ ರಕ್ತಸ್ರಾವವೂ ಆಗುತ್ತಿರಲಿಲ್ಲ. ಪ್ಲಾಸ್ಟಿಕ್ ಕೊಳವೆಗೆ ಗಾಜಿನ ಈ ಗುಣವಿಲ್ಲ. ಸೋಪಿನ ಪುಡಿಯಲ್ಲಿ ತೊಳೆದ ಗಾಜೂ ಅದನ್ನು ಕಳೆದುಕೊಳ್ಳುತ್ತದೆ. ಒಂದು ಕಡೆ ನಾನೇ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ: ತೊಳೆದು ಬೋರಲು ಹಾಕಿದ ಕೊಳವೆಯಲ್ಲಿ ಪರೀಕ್ಷೆ ಮಾಡಿ, ರಕ್ತ ಹೆಪ್ಪುಗಟ್ಟಲಿಲ್ಲವೆಂದು ಹೆದರಿ, ಕೇರೆಹಾವು ಕಚ್ಚಿದ ಹುಡುಗನಿಗೆ ವಿಷಮದ್ದು ಏರಿಸಿದರು. ಹುಡುಗನಿಗೆ ಮೈತುಂಬ ದದ್ದು ಎದ್ದು ಉಸಿರು ಕಟ್ಟಿತು. ಅಡ್ರಿನಲಿನ್ ಚುಚ್ಚುಮದ್ದು ಕೈಗೆಟುಕುವಲ್ಲೇ ಇದ್ದುದರಿಂದ ಉಳಿದ. ಸಭೆಯಲ್ಲಿ ನಾನು "ತೊಳೆಯದ" ಎಂದು ಒತ್ತಿ ಹೇಳಿದ್ದು ಇದಕ್ಕಾಗಿ.

ವಿಷಮದ್ದಿನ ಲೆಕ್ಕವೂ ತಿಳಿದಿರಬೇಕಾದದ್ದು. ಎಎಸ್‌ವಿ ಎಂದು ಎಲ್ಲರೂ ಕರೆಯುವ ಈ ಮದ್ದನ್ನು ಕುದುರೆಗೆ ಅಲ್ಪಸ್ವಲ್ಪ ವಿಷ ಕೊಡುತ್ತ ಹೋಗಿ, ಅದರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳಿಂದ ತಯಾರಿಸುತ್ತಾರೆ. ನಮ್ಮ ದೇಶದಲ್ಲಿ ಸಿಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕಕ್ಕೂ ಒಟ್ಟಿಗೆ ನಾಟುವ ಮದ್ದು. ಒಂದು ವಯಲ್, ಅಂದರೆ 10 ಮಿಲಿಲೀಟರ್, ಕೊಳಕುಮಂಡಲದ ಸುಮಾರು 6 ಮಿಲಿಗ್ರಾಂ ವಿಷವನ್ನು ಕಟ್ಟಿಹಾಕುತ್ತದೆ. ಆ ಹಾವು ಒಂದು ಕಡಿತದಲ್ಲಿ ಸರಾಸರಿ 63 ಮಿಲಿಗ್ರಾಂ ವಿಷ ಬಿಡುತ್ತದೆ ಎಂದು ಚಿಕಿತ್ಸಾ ಮಾರ್ಗಸೂಚಿಗಳು ಲೆಕ್ಕ ಹಿಡಿದಿವೆ. ಭಾಗಿಸಿ ನೋಡಿದರೆ ಮೊದಲ ಸುತ್ತಿಗೆ 8ರಿಂದ 10 ವಯಲ್ ಏಕೆ ಬೇಕೆಂಬುದು ತಾನೇ ತಿಳಿಯುತ್ತದೆ. ಮಗುವಿಗೂ ಇಷ್ಟೇ ಕೊಡಬೇಕು, ಏಕೆಂದರೆ ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲ. ಹೀಗಿರುವಾಗ ಕಪಾಟಿನಲ್ಲಿ ಎರಡು ವಯಲ್ ಇಟ್ಟುಕೊಂಡು "ನಮ್ಮಲ್ಲಿ ಎಎಸ್‌ವಿ ಇದೆ" ಎಂದು ಬೋರ್ಡು ಹಾಕುವುದು, ಒಂದು ಕೊಡ ನೀರು ಇಟ್ಟುಕೊಂಡು ಜಾತ್ರೆಗೆ ಅರವಟ್ಟಿಗೆ ತೆರೆದಂತೆ. ಪುಡಿರೂಪದ ಮದ್ದಿಗೆ ಫ್ರಿಜ್ಜಿನ ಹಂಗೂ ಇಲ್ಲವಾದ್ದರಿಂದ ಕರೆಂಟು ಹೋಗುತ್ತದೆ ಎಂಬ ನೆಪ ನಡೆಯುವುದಿಲ್ಲ. ಮೊದಲ ಸುತ್ತು ಮುಗಿದ ಮೇಲೆ ಮತ್ತೆ 6 ಗಂಟೆ ಬಿಟ್ಟು ಕೊಳವೆ ಪರೀಕ್ಷೆ ಮಾಡುತ್ತಾರೆ. ಮದ್ದು ವಿಷವನ್ನು ಹಿಡಿಯುತ್ತದೆಯೇ ಹೊರತು ತೀರಿದ ನೂಲನ್ನು ತಂದುಕೊಡುವುದಿಲ್ಲ. ಅದನ್ನು ಹೊಸದಾಗಿ ನೂಲಬೇಕಾದದ್ದು ಯಕೃತ್ತು, ಅದಕ್ಕೆ ಅಷ್ಟು ಹೊತ್ತು ಬೇಕು.

ಇನ್ನು ಮಂತ್ರದ ವಿಷಯ. ಮಂತ್ರ ಹಾಕುವವನು ಸುಳ್ಳ ಎಂದು ಬೈದರೆ ಊರಿನವರು ಒಪ್ಪುವುದಿಲ್ಲ, ಏಕೆಂದರೆ ಅವನ ಬಳಿ ಹೋಗಿ ಬದುಕಿ ಬಂದವರು ಪ್ರತಿ ಓಣಿಯಲ್ಲೂ ಇದ್ದಾರೆ. ಅವರು ಬದುಕಿದ್ದು ನಿಜ. ಭಾರತದಲ್ಲಿರುವ ಮುನ್ನೂರಕ್ಕೂ ಹೆಚ್ಚು ಜಾತಿಯ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಬರಿದೇ ಕಚ್ಚುತ್ತದೆ. ಹಾವು ಕಚ್ಚಿದ ನೂರು ಜನರಲ್ಲಿ ಎಪ್ಪತ್ತು ಜನರಿಗೆ ಕಚ್ಚಿದ್ದು ಕೇರೆಯೋ ನೀರುಹಾವೋ ಎಂದುಕೊಳ್ಳಿ, ಉಳಿದ ಮೂವತ್ತರಲ್ಲಿ ಅರ್ಧದಷ್ಟು ಬರಿಕಡಿತ ಎಂದುಕೊಳ್ಳಿ. ಮಂತ್ರವಾದಿ ಸುಮ್ಮನೆ ಕೂತು ಬೀಡಿ ಸೇದಿದರೂ ನೂರಕ್ಕೆ ಎಂಬತ್ತೈದು ಜನ ನಡೆದುಕೊಂಡೇ ಮನೆಗೆ ಹೋಗುತ್ತಾರೆ. ಪರೀಕ್ಷೆಗೆ ಮೊದಲೇ ಎಂಬತ್ತೈದು ಅಂಕ ಕೈಯಲ್ಲಿರುವ ವಿದ್ಯಾರ್ಥಿ ಅವನು. ಉಳಿದ ಹದಿನೈದು ಜನರ ವಿಷಯದಲ್ಲಿ ಮಾತ್ರ ಅವನ ಮನೆಯಲ್ಲಿ ಕಳೆದ ಎರಡು ಗಂಟೆ ಪ್ರಾಣದ ಮಾತಾಗುತ್ತದೆ. ಆದ್ದರಿಂದ ನಾನು ಅವನೊಡನೆ ಜಗಳಕ್ಕಿಂತ ಕೊಳವೆಯನ್ನು ನಂಬುತ್ತೇನೆ: ಯಾರು ಎಂಬತ್ತೈದರಲ್ಲಿದ್ದಾರೆ, ಯಾರು ಹದಿನೈದರಲ್ಲಿದ್ದಾರೆ ಎಂಬುದನ್ನು ಅದು ಎಲ್ಲರ ಕಣ್ಣೆದುರೇ ತೋರಿಸಬಲ್ಲದು. ಹಗ್ಗದಿಂದ ಬಿಗಿದು ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು ಇವೆಲ್ಲ ಹಾನಿಯೇ. ಅದರಲ್ಲೂ ಹೆಪ್ಪುಗಟ್ಟದ ರಕ್ತದವನನ್ನು ಕೊಯ್ಯುವುದೆಂದರೆ ತೂಬು ಮುಚ್ಚಲಾಗದ ಕೆರೆಯ ಏರಿಯನ್ನು ತಾನೇ ಒಡೆದಂತೆ.

ಕೊಳವೆಗೂ ಒಂದು ಮಿತಿಯಿದೆ. ನಾಗರಹಾವು, ಕಟ್ಟುಹಾವುಗಳ ವಿಷ ನರಗಳಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ, ಆದ್ದರಿಂದ ರಕ್ತ ಚೆನ್ನಾಗಿಯೇ ಹೆಪ್ಪುಗಟ್ಟುತ್ತದೆ. ಅಲ್ಲಿ ನೋಡಬೇಕಾದದ್ದು ಕಣ್ಣಿನ ರೆಪ್ಪೆ. ನೆಲದ ಮೇಲೆ ಮಲಗಿದವರಿಗೆ ರಾತ್ರಿ ಕಟ್ಟುಹಾವು ಕಚ್ಚಿದ್ದು ಗೊತ್ತೂ ಆಗುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರ ರೆಪ್ಪೆ ಇಳಿಬೀಳುತ್ತಿದ್ದರೆ ಉಸಿರಾಟದ ಸ್ನಾಯು ಸೋಲುವ ಹೊತ್ತು ದೂರವಿಲ್ಲ. ಆಗ ಗದಗ ಮುಟ್ಟುವವರೆಗೆ ಕೈಯಿಂದ ಒತ್ತಿ ಗಾಳಿ ತುಂಬುವ ಆಂಬು ಚೀಲವೇ ಜೀವ ಉಳಿಸಬೇಕು. ಗದಗಿನಲ್ಲಿ 2015ರಿಂದ ವೈದ್ಯಕೀಯ ಕಾಲೇಜು ಇದೆ, ಸುಮಾರು 60 ಕಿಲೋಮೀಟರ್ ಆಚೆ ಹುಬ್ಬಳ್ಳಿಯಲ್ಲಿ 1957ರಷ್ಟು ಹಿಂದೆ ಆರಂಭವಾದ, ಜನರ ಬಾಯಲ್ಲಿ ಕಿಮ್ಸ್ ಆಗಿರುವ ದೊಡ್ಡ ಆಸ್ಪತ್ರೆ ಇದೆ. ಅಲ್ಲಿ ವೆಂಟಿಲೇಟರ್, ಡಯಾಲಿಸಿಸ್ ಎಲ್ಲ ಉಂಟು. ಅಲ್ಲಿಗೆ ಮುಟ್ಟುವ ಮೊದಲಿನ ಒಂದು ಗಂಟೆ ಮಾತ್ರ ಊರಿನ ಜವಾಬ್ದಾರಿ.

ಮದ್ದನ್ನೇ ಜನರಿರುವಲ್ಲಿಗೆ ಒಯ್ಯುವುದು ಈ ಸೀಮೆಗೆ ಹೊಸತಲ್ಲ. 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ತಾನು ತಯಾರಿಸಿದ ಪ್ಲೇಗ್ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಮರುವರ್ಷ ಹುಬ್ಬಳ್ಳಿಯಲ್ಲಿ ಪ್ಲೇಗ್ ಹಬ್ಬಿದಾಗ ಲಾಯ್ಮನ್ ಎಂಬ ವೈದ್ಯಾಧಿಕಾರಿ ಆ ಲಸಿಕೆಯನ್ನು ಪಟ್ಟಣದಲ್ಲೇ ಸಾವಿರಾರು ಜನರಿಗೆ ಕೊಡಿಸಿದ. ಮುಂದೆ ಹಾಫ್‌ಕಿನ್ನನ ಹೆಸರು ಹೊತ್ತ ಮುಂಬಯಿಯ ಸಂಸ್ಥೆಯೇ ಹಾವಿನ ವಿಷಮದ್ದನ್ನೂ ತಯಾರಿಸಿತು.

ಊರು ಬೆಳೆದರೆ ಹಾವು ಕಡಿಮೆಯಾಗುತ್ತದೆ ಎಂಬ ಎಣಿಕೆಯನ್ನೂ ಬಿಡಬೇಕು. ಗೋದಾಮು ಬಂದಲ್ಲಿ ಮೆಕ್ಕೆಜೋಳ ಬರುತ್ತದೆ, ಮೆಕ್ಕೆಜೋಳ ಬಂದಲ್ಲಿ ಇಲಿ ಬರುತ್ತದೆ, ಖಾಲಿ ಪ್ಲಾಟಿನ ಜಾಲಿಕಂಟಿ ಮತ್ತು ಕಲ್ಯಾಣ ಮಂಟಪದ ಹಿಂದಿನ ಎಲೆರಾಶಿ ಇಲಿಯನ್ನು ಸಾಕುತ್ತವೆ, ಇಲಿಯ ಹಿಂದೆ ಹಾವು ಬರುತ್ತದೆ. 2000ದಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತರೆಂಬ ಅಂದಾಜಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಒಳ್ಳೆಯ ಕೆಲಸ, ಏಕೆಂದರೆ ಎಷ್ಟು ವಯಲ್ ಎಲ್ಲಿರಬೇಕು ಎಂಬುದು ಇನ್ನು ಮೇಲೆ ಊಹೆಯಿಂದಲ್ಲ, ರಿಜಿಸ್ಟರಿನಿಂದ ತೀರ್ಮಾನವಾಗಬಹುದು.

ಸಭೆಯ ಮರುದಿನ ನಾನು ಆರೋಗ್ಯ ಕೇಂದ್ರಕ್ಕೆ ಹೋದೆ. ಶುಶ್ರೂಷಕಿ ಕಪಾಟು ತೆರೆದು ತೋರಿಸಿದರು: ಹನ್ನೆರಡು ವಯಲ್, ಅಡ್ರಿನಲಿನ್ ಆಂಪೂಲುಗಳ ಒಂದು ಡಬ್ಬಿ, ಒಂದು ಆಂಬು ಚೀಲ. ಗಾಜಿನ ಕೊಳವೆಗಳು ಮೂರು ಇದ್ದವು, ಮೂರೂ ತೊಳೆದು ಸ್ಟ್ಯಾಂಡಿನಲ್ಲಿ ಬೋರಲು ಹಾಕಿದವು. ಅವನ್ನು ಏಕೆ ಬಳಸಬಾರದೆಂದು ಹೇಳಿದಾಗ ಅವರು ಸುಮ್ಮನೆ ಒಂದು ಚೀಟಿಯಲ್ಲಿ "ಹೊಸ ಗಾಜಿನ ಟ್ಯೂಬ್, 1 ಡಬ್ಬಿ" ಎಂದು ಬರೆದು, ಮುಂದಿನ ವಾರದ ಇಂಡೆಂಟಿನ ಪುಟಕ್ಕೆ ಪಿನ್ ಹಾಕಿದರು.